ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರುಗಳು

2011ರ ಜುಲೈ ಕೊನೆಯ ವಾರ ಬಳ್ಳಾರಿ ಜಿಲ್ಲೆ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂತು. 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. 31ರಂದು ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಎಷ್ಟು ಟನ್ ಅದಿರು ಯಾವ ಬಂದರಿಗೆ ಹೋಯಿತು, ಯಾವ ಗಡಿಕಲ್ಲು ಎಲ್ಲಿಂದ ಎಲ್ಲಿಗೆ ಸರಿಯಿತು, ಯಾರ ಖಾತೆಗೆ ಎಷ್ಟು ಹಣ ಸೇರಿತು ಎಂಬುದನ್ನೆಲ್ಲ ಪತ್ರಕರ್ತರು ಬೆನ್ನು ಹತ್ತಿ ಬರೆದರು. ಅದು ಸಣ್ಣ ಕೆಲಸವಲ್ಲ, ನಾಡಿಗೆ ಅದರಿಂದ ಉಪಕಾರವೂ ಆಯಿತು. ಆದರೆ ಸಂಡೂರಿನ ಗುಡ್ಡಗಳಲ್ಲಿ ಅದಿರು ಒಡೆದು, ಜರಡಿ ಹಿಡಿದು, ಬುಟ್ಟಿ ಹೊತ್ತ ಹೆಂಗಸರು ಆ ದೊಡ್ಡ ಸುದ್ದಿಯ ಅಂಚಿನಲ್ಲೂ ಕಾಣಿಸಿದ್ದು ಅಪರೂಪ. ಒಂದು ವರ್ಷ ಸತತವಾಗಿ ದುಡಿದವರನ್ನು ಕೆಲಸದಿಂದ ತೆಗೆದರೆ ದುಡಿದ ಪ್ರತಿ ವರ್ಷಕ್ಕೂ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿತ್ತು. ಆ ಪರಿಹಾರ ಕೇಳಬೇಕಾದರೆ ದುಡಿದದ್ದಕ್ಕೆ ದಾಖಲೆ ಬೇಕು. ಮೇಸ್ತ್ರಿಯ ಬಾಯಿಮಾತಿನ ಮೇಲೆ ಕೆಲಸಕ್ಕೆ ಹೋಗಿ, ವಾರದ ಕೊನೆಗೆ ಕೈಗೆ ಕೊಟ್ಟಷ್ಟು ಪಗಾರ ಎಣಿಸಿಕೊಂಡು ಬಂದವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ದಾಖಲೆಯಲ್ಲಿ ಅವಳು ದುಡಿದೇ ಇರಲಿಲ್ಲ, ಹಾಗಾಗಿ ಕೆಲಸ ಕಳೆದುಕೊಳ್ಳುವ ಪ್ರಶ್ನೆಯೂ ಬರಲಿಲ್ಲ.

ತುಂಗಭದ್ರೆಯ ಈ ಸೀಮೆಯಲ್ಲಿ, ಹೊಸಪೇಟೆಯಿಂದ ಕಂಪ್ಲಿಯವರೆಗೆ, ಹಂಪಿಯಿಂದ ಸಂಡೂರಿನವರೆಗೆ, ಹೆಣ್ಣಿನ ಆರ್ಥಿಕ ಅಸಮಾನತೆ ಕೂಲಿ ಕಡಿಮೆ ಎಂಬಲ್ಲಿಂದ ಶುರುವಾಗುವುದಿಲ್ಲ. ಹೆಸರು ಬರೆದುಕೊಳ್ಳದಿರುವಲ್ಲಿ ಶುರುವಾಗುತ್ತದೆ. ಗಣಿಯ ಹಾಜರಿ ಪುಸ್ತಕ, ಹೊಲದ ಪಹಣಿ, ನೀರು ಬಳಕೆದಾರರ ಸಂಘದ ಸದಸ್ಯರ ಪಟ್ಟಿ, ಕಸೂತಿಯ ಬೆಲೆಚೀಟಿ, ಹೀಗೆ ಒಂದೊಂದು ಕಾಗದದಲ್ಲೂ ಅವಳ ದುಡಿಮೆ ಇದೆ, ಹೆಸರಿಲ್ಲ. ಲೆಕ್ಕಕ್ಕೆ ಬಾರದವಳಿಗೆ ಪಾಲೂ ಬರುವುದಿಲ್ಲ. ಆದ್ದರಿಂದ ಹೆಂಗಸರ ದುಡಿಮೆ ಮತ್ತು ಆರ್ಥಿಕ ಸಮಾನತೆಯನ್ನೇ ತನ್ನ ವೃತ್ತಿಯ ವಿಷಯವಾಗಿ ಹಿಡಿದು ವರ್ಷಗಟ್ಟಲೆ ಬರೆಯುವ ಪತ್ರಕರ್ತೆ ಅಥವಾ ಪತ್ರಕರ್ತ ಮಾಡುವುದು ಅನುಕಂಪದ ಕೆಲಸವಲ್ಲ. ಸರ್ಕಾರವಾಗಲಿ ಮಾಲೀಕರಾಗಲಿ ಇಡದೆ ಬಿಟ್ಟ ದಾಖಲೆಯನ್ನು ಅವರು ಇಡುತ್ತಾರೆ. ರಾಜಕೀಯಕ್ಕೆ, ಅಪರಾಧಕ್ಕೆ, ಕ್ರಿಕೆಟ್ಟಿಗೆ ಪ್ರತ್ಯೇಕ ವರದಿಗಾರರಿರುವಂತೆ ಈ ವಿಷಯಕ್ಕೂ ಒಬ್ಬರು ಇರಬೇಕು ಎಂಬುದು ನನ್ನ ವಾದ. ಹಾಗೆ ಒಬ್ಬರಿದ್ದರೆ ಅವರು ಬರೆಯುವುದು ಮಹಿಳಾ ಪುರವಣಿಗೆ ತಕ್ಕ ವಿಷಯವನ್ನಷ್ಟೇ ಅಲ್ಲ, ಈ ಸೀಮೆಯ ಅರ್ಥವ್ಯವಸ್ಥೆಯ ನಿಜವಾದ ವರದಿಯನ್ನು.

ಇಂಥ ಕೆಲಸಕ್ಕೆ ಕನ್ನಡದಲ್ಲಿ ಬೇರುಗಳಿವೆ. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬಾ (1887–1982) ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ತಾವೇ ನಡೆಸಿದರು. ಆರ್. ಕಲ್ಯಾಣಮ್ಮ ‘ಸರಸ್ವತಿ’ ಮಾಸಪತ್ರಿಕೆಯನ್ನು 1921ರಿಂದ ನಾಲ್ಕು ದಶಕ ಹೊರತಂದರು. ಹೆಣ್ಣಿನ ಓದು, ಮದುವೆ, ಮನೆ ಆ ಪತ್ರಿಕೆಗಳ ಮುಖ್ಯ ವಿಷಯಗಳು. ಆದರೆ ಪತ್ರಿಕೆ ಎಂಬ ಉದ್ಯಮವನ್ನು ಒಬ್ಬ ಹೆಂಗಸು ತನ್ನ ಹೆಸರಲ್ಲಿ, ತನ್ನ ಹಣದಲ್ಲಿ ನಡೆಸಿದ್ದೇ ಆ ಕಾಲಕ್ಕೆ ದೊಡ್ಡ ಆರ್ಥಿಕ ಹೇಳಿಕೆ. ಮುಂದೆ ಪತ್ರಕರ್ತೆಯರಾದ ಬೆಂಗಳೂರಿನ ಅಮ್ಮು ಜೋಸೆಫ್ ಮತ್ತು ಮುಂಬೈಯ ಕಲ್ಪನಾ ಶರ್ಮಾ ತಮ್ಮ ವೃತ್ತಿಜೀವನದ ಬಹುಭಾಗವನ್ನು ಇಂಥ ಬರವಣಿಗೆಗೇ ಮೀಸಲಿಟ್ಟರು. ಮಾಧ್ಯಮ ಮತ್ತು ಮಹಿಳೆಯರ ಪ್ರಶ್ನೆಗಳನ್ನು ಕುರಿತು ಇಬ್ಬರೂ ಸೇರಿ 1994ರಲ್ಲಿ ಹೊರತಂದ ಪುಸ್ತಕದ ಮುಖ್ಯ ತಿಳಿವಳಿಕೆ ಇಂದಿಗೂ ಹಳೆಯದಾಗಿಲ್ಲ: ಹೆಣ್ಣು ಘಟನೆಯಾದಾಗ ಸುದ್ದಿಯಾಗುತ್ತಾಳೆ, ದಿನನಿತ್ಯದ ದುಡಿಮೆಯಲ್ಲಿ ಆಗುವುದಿಲ್ಲ. ಪತ್ರಕರ್ತ ಪಿ. ಸಾಯಿನಾಥ್ 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ತೆಗೆದ ಚಿತ್ರಗಳ ಪ್ರದರ್ಶನ ಹೇಳಿದ್ದೂ ಇದನ್ನೇ. ದುಡಿಮೆ ಕಣ್ಣಿಗೆ ಕಾಣುತ್ತದೆ, ದುಡಿದವಳು ಕಾಣುವುದಿಲ್ಲ. ಅವರು 2014ರಲ್ಲಿ ಕಟ್ಟಿದ, ಗ್ರಾಮೀಣ ಬದುಕಿನ ವರದಿಗಳಿಗೇ ಮೀಸಲಾದ ‘ಪರಿ’ ಸಂಸ್ಥೆ ಸಂಡೂರಿನ ಗಣಿಗಳಲ್ಲಿ ಕೆಲಸ ಕಳೆದುಕೊಂಡ ಹೆಂಗಸರನ್ನೂ ಅವರ ಹೋರಾಟವನ್ನೂ ದಾಖಲಿಸಿತು. 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಹಳ್ಳಿಯ ಹೆಂಗಸರೇ ವರದಿಗಾರರಾಗಿ ಆರಂಭಿಸಿದ ‘ಖಬರ್ ಲಹರಿಯಾ’ ಕೂಡ ಇದೇ ದಾರಿಯದು. ಜಗತ್ತಿನ ಚಿತ್ರ ನೋಡಿದರೆ ಇವೆಲ್ಲ ಇನ್ನೂ ಸಣ್ಣ ಹೆಜ್ಜೆಗಳೇ. ಸುದ್ದಿಯಲ್ಲಿ ಕಾಣುವ, ಕೇಳಿಸುವ ಜನರಲ್ಲಿ ಹೆಂಗಸರೆಷ್ಟು ಎಂದು 1995ರಿಂದ ಎಣಿಸುತ್ತಿರುವ ಜಾಗತಿಕ ಮಾಧ್ಯಮ ಸಮೀಕ್ಷೆಯಲ್ಲಿ ಆ ಪಾಲು ಮೊದಲ ಬಾರಿ ಶೇ 17 ಇತ್ತು. ಕಾಲು ಶತಮಾನ ಕಳೆದು 2020ರಲ್ಲಿ ಅದು ಶೇ 25ಕ್ಕೆ ಬಂತು.

ಮತ್ತೆ ಗಣಿಗೆ ಬರೋಣ. ಒಂದು ದಿನದ ವರದಿಗೆ ದಕ್ಕದ ಸಂಗತಿಗಳು ಇಲ್ಲಿರುವುದರಿಂದಲೇ ಒಬ್ಬರು ದೀರ್ಘಕಾಲ ಇದರ ಜೊತೆ ಇರಬೇಕಾಗುತ್ತದೆ. ಸಂಡೂರಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಗಣಿಗಳು ದಶಕಗಳ ಕಾಲ ಕೈಕೆಲಸದ ಮೇಲೆ ನಿಂತಿದ್ದವು, ಆ ಕೈಗಳಲ್ಲಿ ಹೆಂಗಸರ ಕೈಗಳು ಬಹಳ. ಯಂತ್ರಗಳು ಬಂದಂತೆ ಮೊದಲು ಹೊರಬಿದ್ದವರು ಅವರೇ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ಹೊಸ ಶತಮಾನದ ಮೊದಲ ದಶಕದಲ್ಲಿ ಹೊಲಗಳ ಮೇಲ್ಮಣ್ಣಿನಲ್ಲಿದ್ದ ಅದಿರನ್ನೂ ಅಗೆದರು, ಆಗ ಮತ್ತೆ ಹೆಂಗಸರ ಕೈ ಬೇಕಾಯಿತು. 2011ರಲ್ಲಿ ಎಲ್ಲವೂ ನಿಂತಿತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿ, ಹೆಚ್ಚು ಅಕ್ರಮ ನಡೆದವುಗಳ ಗುತ್ತಿಗೆ ರದ್ದುಪಡಿಸಿ, ಉಳಿದವುಗಳಿಗೆ ಷರತ್ತಿನ ಮೇಲೆ ದಾರಿ ಬಿಟ್ಟಿತು. ಗಣಿಗಳು ತೆರೆದವು, ಆದರೆ ತೆರೆದದ್ದು ಯಂತ್ರಗಳಿಗೆ. ಡಂಪರ್ ಚಾಲಕನ, ಡ್ರಿಲ್ ನಡೆಸುವವನ, ತೂಕದ ಸೇತುವೆಯ ಗುಮಾಸ್ತನ ಕೆಲಸಗಳು ಗಂಡಸರ ಪಾಲಾದವು. 1952ರ ಗಣಿ ಕಾಯ್ದೆ ಹೆಂಗಸರನ್ನು ಭೂಮಿಯೊಳಗಿನ ಗಣಿಗಳಿಂದಲೂ, ಮೇಲಿನ ಗಣಿಗಳಲ್ಲಿ ರಾತ್ರಿ ಪಾಳಿಯಿಂದಲೂ ದೂರ ಇಟ್ಟಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಆ ನಿರ್ಬಂಧವನ್ನು ಷರತ್ತುಗಳೊಂದಿಗೆ ಸಡಿಲಿಸಿತು. ಕಾನೂನು ಬಾಗಿಲು ತೆರೆದ ಮೇಲೆ ಸಂಡೂರಿನ ಎಷ್ಟು ಹೆಣ್ಣುಮಕ್ಕಳು ಐಟಿಐ ಮುಗಿಸಿ ಆ ಬಾಗಿಲು ದಾಟಿದರು? ಗಣಿ ಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಸುಪ್ರೀಂ ಕೋರ್ಟಿನ ನಿಗಾದಲ್ಲಿದೆ. 2015ರಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಯಮದಂತೆ ಅದರ ನಿಧಿಯ ಕನಿಷ್ಠ ಶೇ 60 ಭಾಗ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆ–ಮಕ್ಕಳ ಕಲ್ಯಾಣದಂಥ ಆದ್ಯತೆಯ ಕೆಲಸಗಳಿಗೆ ಹೋಗಬೇಕಿತ್ತು. ಕಟ್ಟಡ ಎಷ್ಟು, ರಸ್ತೆ ಎಷ್ಟು, ಕೆಲಸ ಕಳೆದುಕೊಂಡ ಹೆಂಗಸಿನ ಕೈಗೆ ಎಷ್ಟು ಎಂದು ವರ್ಷವರ್ಷವೂ ಕೇಳುತ್ತ ಹೋಗುವವರು ಬೇಕು. ಪರಿಹಾರ ಕೇಳಿ ಗಣಿ ಕಾರ್ಮಿಕರು ಸಂಡೂರಿನಿಂದ ಬಳ್ಳಾರಿಗೆ ನಡೆದಾಗ ಒಂದು ಚಿತ್ರ ಹಾಕಿದರೆ ಆ ಲೆಕ್ಕ ಮುಗಿಯುವುದಿಲ್ಲ.

ಗುಡ್ಡದಿಂದ ಕಾಲುವೆಗೆ ಇಳಿದರೆ ಪ್ರಶ್ನೆ ಬದಲಾಗುವುದಿಲ್ಲ, ಕಾಗದ ಬದಲಾಗುತ್ತದೆ. 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ನೀರು ಹರಿಸಿತು. ಸುಮಾರು 90 ಹಳ್ಳಿಗಳು ಮುಳುಗಿದವು. ಪರಿಹಾರ ಪಟ್ಟಾ ಇದ್ದವರಿಗೆ, ಪಟ್ಟಾ ಗಂಡಸರ ಹೆಸರಿಗೆ. ನೀರು ಬಂದ ಕಡೆಯೂ ಹಾಗೆಯೇ. ಕಂಪ್ಲಿಯ ಮಾಗಾಣಿಯಲ್ಲಿ ಸಸಿ ಕಿತ್ತು, ನಾಟಿ ಹಚ್ಚಿ, ಕಳೆ ತೆಗೆಯುವವರು ಹೆಂಗಸರು. ರೈತ ಎಂದು ದಾಖಲಾಗುವವನು ಪಹಣಿಯಲ್ಲಿ ಹೆಸರಿರುವವನು. ಬೆಳೆ ಸಾಲ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ವರ್ಷಕ್ಕೆ 6,000 ರೂಪಾಯಿಯ ಕಿಸಾನ್ ಸಮ್ಮಾನ್, ನೀರು ಬಳಕೆದಾರರ ಸಂಘದ ಮತ, ಎಲ್ಲವೂ ಆ ಒಂದು ಹೆಸರಿನ ಹಿಂದೆ ಹೋಗುತ್ತವೆ. 2015–16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ಶೇ 14ರಷ್ಟು ಮಾತ್ರ. ಕಾನೂನು ಹಿಂದೆ ಬಿದ್ದಿದೆ ಎನ್ನುವಂತಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ಕಾಯ್ದೆ ಆ ತಡೆಯನ್ನೂ ತೆಗೆಯಿತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸ್ಪಷ್ಟಪಡಿಸಿತು. ಇಷ್ಟಾದರೂ ತವರಿನ ಬಾಂಧವ್ಯ ಕೆಡಬಾರದೆಂದು ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಲೇ ಇದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಎಷ್ಟು ಎಕರೆಗೆ ನೀರು ತಪ್ಪೀತು, ಎಷ್ಟು ಟಿಎಂಸಿ ಹರಿದುಹೋಯಿತು ಎಂಬ ಅಂಕಿ ಗಂಟೆಗಂಟೆಗೂ ಬಂತು. ನೀರು ತಪ್ಪಿದರೆ ಎಷ್ಟು ಹೆಣ್ಣಾಳಿನ ಎಷ್ಟು ದಿನದ ಕೂಲಿ ತಪ್ಪುತ್ತದೆ ಎಂಬ ಅಂಕಿ ಬರಲಿಲ್ಲ. ಏಕೆಂದರೆ ಅಂಥ ಲೆಕ್ಕವನ್ನು ಇಡುವ ಪದ್ಧತಿಯೇ ನಮ್ಮಲ್ಲಿಲ್ಲ.

ನನ್ನ ಈ ವಾದಕ್ಕೆ ಮೊದಲು ಬರುವ ಆಕ್ಷೇಪ ಕೂಲಿಯದು. ಗಂಡಾಳು ಮಾಡುವ ಕೆಲಸ ಭಾರದ್ದು, ಹೆಣ್ಣಾಳಿನದು ಹಗುರ, ಅದಕ್ಕೆ ಕೂಲಿಯಲ್ಲಿ ವ್ಯತ್ಯಾಸ, ಇದರಲ್ಲಿ ಅನ್ಯಾಯವೇನು ಎಂದು ಕೇಳುತ್ತಾರೆ. ಕೆಸರುಗದ್ದೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಸೊಂಟ ಬಗ್ಗಿಸಿ ನಾಟಿ ಹಚ್ಚುವುದು ಹಗುರ, ಟ್ರ್ಯಾಕ್ಟರಿನ ಮೇಲೆ ಕೂತು ಉಳುವುದು ಭಾರ ಎಂದು ಯಾವ ತಕ್ಕಡಿಯೂ ಹೇಳದು. ನಿಜಸಂಗತಿಯೆಂದರೆ ಕೆಲಸವನ್ನು ಮೊದಲೇ ಹೆಣ್ಣಿನದು, ಗಂಡಿನದು ಎಂದು ಬೇರೆ ಮಾಡಿ, ಆಮೇಲೆ ಹೆಣ್ಣಿನ ಕೆಲಸಕ್ಕೆ ಬೆಲೆ ಇಳಿಸಲಾಗುತ್ತದೆ. 1976ರ ಸಮಾನ ವೇತನ ಕಾಯ್ದೆ ‘ಒಂದೇ ಬಗೆಯ’ ಕೆಲಸವನ್ನಷ್ಟೇ ಅಲ್ಲ, ‘ಹೋಲುವ ಸ್ವರೂಪದ’ ಕೆಲಸವನ್ನೂ ಒಳಗೊಂಡಿತ್ತು. 1987ರ ಆಡ್ರಿ ಡಿಕೋಸ್ಟಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಣ್ಣಪುಟ್ಟ ವ್ಯತ್ಯಾಸ ಹುಡುಕದೆ ಕೆಲಸವನ್ನು ವಿಶಾಲವಾಗಿ ನೋಡಬೇಕು, ಕೊಡಲು ಶಕ್ತಿಯಿಲ್ಲ ಎಂಬುದು ಮಾಲೀಕನಿಗೆ ನೆಪವಾಗಲಾರದು ಎಂದಿತು. ಆ ಕಾಯ್ದೆಯ ಸ್ಥಾನಕ್ಕೆ ಬಂದಿರುವ 2019ರ ವೇತನ ಸಂಹಿತೆಯೂ ಲಿಂಗದ ಆಧಾರದಲ್ಲಿ ವೇತನ ಭೇದ ಮಾಡುವುದನ್ನು ನಿಷೇಧಿಸುತ್ತದೆ. ಸಮಾನ ಕೂಲಿ ಕೊಟ್ಟರೆ ಕೆಲಸ ನಡೆಯದು ಎಂಬ ಭಯಕ್ಕೆ ಉದ್ಯೋಗ ಖಾತ್ರಿಯೇ ಉತ್ತರ. 2024–25ರಲ್ಲಿ ಕರ್ನಾಟಕದಲ್ಲಿ ಅದರ ದಿನಗೂಲಿ 349 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ. ಅಲ್ಲಿ ಹೆಸರು ಕೂಲಿಕಾರರ ಹಾಜರಿ ಪಟ್ಟಿಯಾದ ಎನ್‌ಎಂಆರ್‌ನಲ್ಲಿ ಬರೆಯಲ್ಪಟ್ಟಿತು, ಹಣ ಖಾತೆಗೆ ಬಂತು, ದೇಶದಲ್ಲಿ ಆ ಕೆಲಸಕ್ಕೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ ಆದರು. ಹೆಸರು ದಾಖಲಾದ ಕಡೆ ಸಮಾನ ಕೂಲಿ ಸಿಕ್ಕಿತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಯಂತ್ರ ಬಂದರೆ ಏನಾಗುತ್ತದೆ ಎಂಬುದನ್ನು ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ 1970ರಲ್ಲೇ ಬರೆದರು: ಹೊಸ ಉಪಕರಣ ಗಂಡಿನ ಕೈಗೆ ಹೋಗುತ್ತದೆ, ಹೆಣ್ಣಿಗೆ ಹಳೆಯ ಕೈಕೆಲಸ ಉಳಿಯುತ್ತದೆ. ಭತ್ತ ಕೊಯ್ಯುವ ಯಂತ್ರ ಮಾಗಾಣಿಗೆ ಬಂದ ಮೇಲೆ ಕುಡುಗೋಲು ಹಿಡಿದವರು ಕೆಲಸ ಕಳೆದುಕೊಂಡರು, ಯಂತ್ರದ ಮೇಲೆ ಕೂತವರಲ್ಲಿ ಹೆಂಗಸರಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮನೆ ಎಂದರೆ ಒಂದೇ, ಗಂಡನ ಹೆಸರಲ್ಲಿದ್ದರೇನು, ಹೆಂಡತಿಯ ಹೆಸರಲ್ಲಿದ್ದರೇನು, ಉಣ್ಣುವ ತಟ್ಟೆ ಒಂದೇ ತಾನೆ? ಈ ಮಾತಿನಲ್ಲಿ ಪ್ರೀತಿ ಇದೆ, ಅದನ್ನು ಗೌರವಿಸಲೇಬೇಕು. ಆದರೆ ಪುರಾವೆ ಬೇರೆ ಹೇಳುತ್ತದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸು ದಿನಕ್ಕೆ 289 ನಿಮಿಷ ಕೊಟ್ಟರೆ ಗಂಡಸು ಕೊಡುವುದು 88 ನಿಮಿಷ. ತಟ್ಟೆ ಒಂದೇ ಇರಬಹುದು, ತೊಳೆಯುವ ಕೈ ಒಂದೇ ಅಲ್ಲ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ಕೇರಳದಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಮೀನೂ ಮನೆಯೂ ತನ್ನ ಹೆಸರಲ್ಲಿ ಇಲ್ಲದ ಹೆಂಗಸರಲ್ಲಿ ಶೇ 49 ಮಂದಿ ಗಂಡನಿಂದ ದೈಹಿಕ ಹಿಂಸೆ ಅನುಭವಿಸಿದ್ದರು. ಎರಡೂ ತನ್ನ ಹೆಸರಲ್ಲಿದ್ದವರಲ್ಲಿ ಅದು ಶೇ 7. ಕಾಗದದ ಮೇಲಿನ ಹೆಸರು ಮನೆಯೊಳಗಿನ ಮಾತಿನ ತೂಕವನ್ನೇ ಬದಲಿಸುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ, ಶಕ್ತಿ ಯೋಜನೆಯ ಉಚಿತ ಬಸ್ಸು ಬಂದ ಮೇಲೆ ಇನ್ನೇನು ಬೇಕು ಎಂದು ಕೇಳುವವರೂ ಇದ್ದಾರೆ. 2023ರಲ್ಲಿ ಬಂದ ಈ ಎರಡು ಯೋಜನೆಗಳು ಹೆಣ್ಣಿನ ಹೆಸರಿಗೇ ಹಣ, ಹೆಣ್ಣಿನ ಕೈಗೇ ಟಿಕೆಟ್ ಕೊಟ್ಟವು, ಅದರ ಬೆಲೆ ಸಣ್ಣದಲ್ಲ. ತಿಂಗಳ ಖರ್ಚಿಗೆ ಆಸರೆ ಸಿಗುವುದು ಒಂದು, ದುಡಿಮೆಗೆ ತಕ್ಕ ಬೆಲೆಯೂ ಭೂಮಿಯಲ್ಲಿ ಪಾಲೂ ಸಿಗುವುದು ಇನ್ನೊಂದು. ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಮರೆಸಬಾರದು. ಹೊಸಪೇಟೆಗೆ ಉಚಿತವಾಗಿ ಹೋಗಿಬರುವ ಹಳ್ಳಿಯ ಹೆಂಗಸಿಗೆ ಅಲ್ಲಿ ಹೆಚ್ಚು ಕೂಲಿಯ ಕೆಲಸ ಸಿಕ್ಕಿತೇ ಎಂದು ನೋಡಿ ಬರೆಯುವುದೇ ಆರ್ಥಿಕ ವರದಿಗಾರಿಕೆ.

ಹೆಣ್ಣಿನ ದುಡಿಮೆ ಮತ್ತು ಲೆಕ್ಕದ ಮಾತಿಗೆ ಹಂಪಿಯಲ್ಲಿ ಎರಡು ಉದಾಹರಣೆಗಳಿವೆ, ಒಂದು ಹೊಸದು, ಒಂದು ಹಳೆಯದು. 2023ರ ಜುಲೈನಲ್ಲಿ ಜಿ–20 ಸಂಸ್ಕೃತಿ ಸಭೆ ಹಂಪಿಯಲ್ಲಿ ನಡೆದಾಗ ಭೌಗೋಳಿಕ ಸೂಚಿಕೆ ಪಡೆದ ಸಂಡೂರು ಲಂಬಾಣಿ ಕಸೂತಿಯ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸಂಡೂರು ಕುಶಲ ಕಲಾ ಕೇಂದ್ರದ ಜೊತೆ ದುಡಿಯುವ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಕೆಲಸ ಅದು. ತಾಂಡಾದ ಹೆಂಗಸಿನ ಸೂಜಿ ಜಗತ್ತಿನ ಮುಂದೆ ಬಂದದ್ದು ಹೆಮ್ಮೆಯ ಸಂಗತಿ, ಆ ಕೇಂದ್ರದ ದಶಕಗಳ ಶ್ರಮವೂ ದೊಡ್ಡದು. ಸುದ್ದಿ ಮಾತ್ರ ದಾಖಲೆಯ ಅಂಕಿಯಲ್ಲಿ ನಿಂತಿತು. ಕನ್ನಡಿ, ಕವಡೆ, ಬಣ್ಣದ ದಾರ ಸೇರಿಸಿ ಒಂದು ತುಂಡು ಮುಗಿಸಲು ಎಷ್ಟು ಗಂಟೆ, ತುಂಡಿಗೆ ಎಷ್ಟು ಹಣ, ನಗರದ ಅಂಗಡಿಯ ಬೆಲೆಯಲ್ಲಿ ಹೊಲಿದವಳ ಪಾಲೆಷ್ಟು, ಕಣ್ಣು ಮಂಜಾದ ಮೇಲೆ ಪಿಂಚಣಿ ಏನು ಎಂಬವು ಮುಂದಿನ ವರದಿಗಳಾಗಬೇಕಿತ್ತು. ಇನ್ನು ಹಳೆಯ ಉದಾಹರಣೆ. ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರಲ್ಲಿ, ವಿಜಯನಗರದಲ್ಲಿದ್ದ ಪೋರ್ಚುಗೀಸ್ ವರ್ತಕ ಫೆರ್ನಾವೋ ನೂನಿಜ್ ಅರಮನೆಯ ಒಳಗಿನ ಖರ್ಚುವೆಚ್ಚದ ಲೆಕ್ಕ ಇಡುವ ಹೆಂಗಸರನ್ನೂ, ರಾಜ್ಯದ ವ್ಯವಹಾರ ಬರೆದು ಹೊರಗಿನ ಬರಹಗಾರರ ಪುಸ್ತಕದೊಂದಿಗೆ ತಾಳೆ ನೋಡುವ ಹೆಂಗಸರನ್ನೂ ದಾಖಲಿಸಿದ್ದಾನೆ. ಆ ಕಾಲವನ್ನು ಸಮಾನತೆಯ ಕಾಲವೆಂದು ಹೊಗಳುವುದು ತಪ್ಪಾದೀತು, ಅದು ಅರಸನ ಅಂತಃಪುರದ ವ್ಯವಸ್ಥೆ. ಆದರೂ ಲೆಕ್ಕದ ಪುಸ್ತಕ ಹೆಣ್ಣಿನ ಕೈಗೆ ಹೊರಗಿನದಲ್ಲ ಎಂಬುದು ಈ ನೆಲಕ್ಕೆ ಐದು ಶತಮಾನದ ಹಿಂದೆಯೇ ತಿಳಿದಿತ್ತು.

ಕೊನೆಯ ಆಕ್ಷೇಪ ಪತ್ರಿಕೋದ್ಯಮದ ಒಳಗಿನದು, ಅದನ್ನು ಮಹಿಳಾ ಪತ್ರಕರ್ತರೇ ಎತ್ತುತ್ತಾರೆ. ಇದನ್ನು ಪ್ರತ್ಯೇಕ ವಿಷಯವಾಗಿಸಿದರೆ ಮತ್ತೊಂದು ಮಹಿಳಾ ಪುಟವಾಗುತ್ತದೆ, ಹೆಣ್ಣುಮಕ್ಕಳನ್ನು ಅಲ್ಲಿಗೆ ತಳ್ಳಿ ರಾಜಕೀಯ, ವಾಣಿಜ್ಯದ ವರದಿಯಿಂದ ದೂರ ಇಡುತ್ತಾರೆ ಎಂಬ ಆತಂಕ ಅವರದು. ಆ ಆತಂಕಕ್ಕೆ ಕಾರಣವಿದೆ. ಉತ್ತರ ಇರುವುದು ಜಾಗದಲ್ಲಿ ಮತ್ತು ಅವಧಿಯಲ್ಲಿ. ಈ ವರದಿ ಪುರವಣಿಗೆ ಹೋಗಬಾರದು, ಅದಿರಿನ ಹರಾಜು, ಕಾಲುವೆಯ ನೀರು, ಭತ್ತದ ದರದ ಪಕ್ಕದಲ್ಲೇ ಬರಬೇಕು. ಅದನ್ನು ಬರೆಯುವವರು ಗಂಡಸರೂ ಆಗಬಹುದು, ಆಗಬೇಕು. ಇನ್ನು ಅವಧಿ. ಕೂಲಿಯ ಅಸಮಾನತೆ ಒಂದು ದಿನದ ಭೇಟಿಯಲ್ಲಿ ಕಾಣದು. ಹಿಂದಿನ ಸುಗ್ಗಿಗೂ ಈ ಸುಗ್ಗಿಗೂ ಎಷ್ಟು ಏರಿತು, ಗಣಿ ನಿಂತಾಗ ಸ್ವಸಹಾಯ ಸಂಘದ ಸಾಲ ತೀರಿಸಲು ಯಾರು ಗುಳೆ ಹೋದರು ಎಂಬುದು ಅದೇ ಊರಿಗೆ ಮತ್ತೆ ಮತ್ತೆ ಹೋದವರಿಗಷ್ಟೇ ತಿಳಿಯುತ್ತದೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಹಿರಿಮೆ ಇರುವುದೂ ಇಲ್ಲೇ. ಅಮೆರಿಕದ ಹಳೆಯ ದಾಖಲೆಗಳಲ್ಲಿ ಹೆಂಡತಿಯ ದುಡಿಮೆಯನ್ನು ಬರೆಯದೆ ಬಿಟ್ಟದ್ದನ್ನು ಅವರು ದಶಕಗಳ ಕಾಲ ಹುಡುಕಿ ಸರಿಪಡಿಸಿದರು, ಆಗಲೇ ಎರಡು ಶತಮಾನಗಳ ಆರ್ಥಿಕ ಇತಿಹಾಸದ ಚಿತ್ರ ಬದಲಾಯಿತು. ಅವರು ಹಿಂದಿನದಕ್ಕೆ ಮಾಡಿದ್ದನ್ನು ಪತ್ರಕರ್ತರು ಇಂದಿನದಕ್ಕೆ ಮಾಡಬಹುದು. ಓದುಗರು ಇದನ್ನು ಓದುವುದಿಲ್ಲ ಎಂಬ ಸಂಪಾದಕರ ಮಾತೂ ಪರೀಕ್ಷೆಗೆ ಒಳಪಟ್ಟಿಲ್ಲ. ತನ್ನ ಮನೆಯ ಪಹಣಿ, ತನ್ನ ಮಗಳ ಸಂಬಳ, ತನ್ನ ಊರಿನ ಗಣಿ ಹಣದ ಸುದ್ದಿಯನ್ನು ಬಿಟ್ಟು ಓದುಗ ಇನ್ನಾವುದನ್ನು ಓದಬೇಕು?

ಹೊಸಪೇಟೆ ಈಗ ಜಿಲ್ಲಾ ಕೇಂದ್ರ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಎರಡು ಜಿಲ್ಲಾಡಳಿತ, ಎರಡು ಪಂಚಾಯಿತಿ ವ್ಯವಸ್ಥೆ, ಎರಡೂ ಕಡೆ ಪತ್ರಿಕೆಗಳ ಕಚೇರಿಗಳಿವೆ. ಅವುಗಳಲ್ಲಿ ಒಂದೊಂದರಲ್ಲಾದರೂ ಒಬ್ಬರಿಗೆ ಈ ಕೆಲಸವನ್ನು ಒಪ್ಪಿಸಿ, ಸುಗ್ಗಿಯಿಂದ ಸುಗ್ಗಿಗೆ ಹಿಂಬಾಲಿಸಲು ಸಮಯವನ್ನೂ ಖರ್ಚನ್ನೂ ಕೊಡಬೇಕೆಂದು ಸಂಪಾದಕರಲ್ಲಿ ನನ್ನ ಮನವಿ. ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರು ಇದನ್ನು ಎರಡನೇ ದರ್ಜೆಯ ವಿಷಯವೆಂದು ಬಿಡಬೇಡಿ, ಒಂದು ಜೀವಮಾನಕ್ಕೆ ಸಾಲುವಷ್ಟು ಕೆಲಸ ಇಲ್ಲಿದೆ. ಓದುಗರಾದ ನಾವು ಮಾಡಬಹುದಾದದ್ದೂ ಇದೆ. ಯಾವುದೇ ಅಭಿವೃದ್ಧಿಯ ಸುದ್ದಿ ಓದಿದಾಗ ದುಡಿದವರು ಯಾರು, ಹೆಸರು ಬರೆದದ್ದು ಯಾರದು, ಹಣ ಯಾರ ಕೈಗೆ ಹೋಯಿತು, ಆಸ್ತಿ ಯಾರ ಹೆಸರಿಗಾಯಿತು ಎಂದು ಕೇಳೋಣ. ಉತ್ತರ ಸಿಗದಿದ್ದರೆ ಪತ್ರಿಕೆಗೆ ಕಾಗದ ಬರೆದು ಮತ್ತೆ ಕೇಳೋಣ. ಆ ಕೇಳುವಿಕೆಯನ್ನು ಮೊದಲು ನಮ್ಮ ಮನೆಯ ಪಹಣಿಯಿಂದಲೇ ಶುರುಮಾಡೋಣ.